ಟ್ರೇಲರ್ ದೀಪಗಳ ವೈರಿಂಗ್: ದೋಷ ಪತ್ತೆಯ ಕ್ರಮ

ಕಬ್ಬು ಅರೆಯುವ ಹಂಗಾಮು ಆರಂಭವಾದೊಡನೆ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಸಂಚಾರ ರಾತ್ರಿಯೂ ನಡೆಯುತ್ತದೆ. ಹಿಂಬದಿಯ ದೀಪ ಉರಿಯದ ಟ್ರೇಲರ್ ರಸ್ತೆಯಂಚಿನಲ್ಲಿ ನಿಂತಿದ್ದರೆ, ಹಿಂದಿನಿಂದ ಬರುವ ದ್ವಿಚಕ್ರ ಸವಾರನಿಗೆ ಅದು ಗೋಚರಿಸುವುದು ತೀರ ಸಮೀಪಕ್ಕೆ ಬಂದ ಮೇಲೆಯೇ. ದೀಪ ಕೆಟ್ಟೊಡನೆ ಬಲ್ಬ್ ಬದಲಾಯಿಸುವುದು ರೂಢಿ. ಆದರೆ ಅನೇಕ ವೇಳೆ ದೋಷವಿರುವುದು ಬಲ್ಬಿನಲ್ಲಲ್ಲ, ವೈರಿಂಗಿನಲ್ಲಿ.

ದೋಷವು ಟ್ರ್ಯಾಕ್ಟರಿನದೋ ಟ್ರೇಲರಿನದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಪ್ಲಗ್ ಕಳಚಿ, ಟ್ರ್ಯಾಕ್ಟರಿನ ಸಾಕೆಟನ್ನು 12 ವೋಲ್ಟಿನ ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸಬೇಕು. ಏಳು ಪಿನ್ನಿನ ಸಾಕೆಟಿನ ಅಂತರರಾಷ್ಟ್ರೀಯ ಕ್ರಮದಲ್ಲಿ 1 ಎಡ ಇಂಡಿಕೇಟರ್, 3 ಅರ್ತ್, 4 ಬಲ ಇಂಡಿಕೇಟರ್, 5 ಮತ್ತು 7 ಬಲ ಹಾಗೂ ಎಡ ಹಿಂದೀಪಗಳು, 6 ಬ್ರೇಕ್ ದೀಪ. ಎಲ್ಲ ಗ್ಯಾರೇಜುಗಳೂ ಈ ಕ್ರಮವನ್ನು ಪಾಲಿಸುವುದಿಲ್ಲವಾದುದರಿಂದ ವೈರಿನ ಬಣ್ಣವನ್ನು ನಂಬದೆ ಒಂದೊಂದು ಪಿನ್ನನ್ನೂ ಪರೀಕ್ಷಿಸುವುದು ಲೇಸು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು 3ನೆಯ ಪಿನ್ನಿಗೆ ಹಾಕಿದಾಗ ಉರಿಯದೆ, ಬ್ಯಾಟರಿಯ ಋಣ ತುದಿಗೆ ಹಾಕಿದಾಗ ಉರಿದರೆ, ಸಾಕೆಟಿನ ಅರ್ತ್ ಸಂಪರ್ಕವೇ ಕಡಿದಿದೆಯೆಂದು ತಿಳಿಯಬೇಕು.

ಟ್ರೇಲರಿನ ಬಹುಪಾಲು ತೊಂದರೆಗಳ ಮೂಲ ಅರ್ತ್. ಇಂಡಿಕೇಟರ್ ಹಾಕಿದರೆ ಹಿಂದೀಪವೂ ಮಿಟುಕುವುದು, ಬ್ರೇಕ್ ಒತ್ತಿದರೆ ಹಿಂದೀಪ ಮಂಕಾಗುವುದು ಇದರ ಲಕ್ಷಣಗಳು. ಮರಳುವ ದಾರಿ ಸಿಗದ ವಿದ್ಯುತ್ತು ಪಕ್ಕದ ಬಲ್ಬಿನ ತಂತುವಿನ ಮೂಲಕ ಹಾಯುವುದರಿಂದ ಹೀಗಾಗುತ್ತದೆ. ಬ್ಯಾಟರಿಯ ಋಣ ತುದಿಯಿಂದ ಉದ್ದನೆಯ ವೈರೊಂದನ್ನು ದೀಪದ ಅರ್ತ್ ತುದಿಗೆ ಮುಟ್ಟಿಸಿದೊಡನೆ ದೀಪ ಪ್ರಕಾಶಮಾನವಾದರೆ ದೋಷ ಖಚಿತ. ಒಂದು ವೈರಿನ ಖರ್ಚು ಉಳಿಸಲೆಂದು ಕೆಲವು ತಯಾರಕರು ಷಾಸಿಯನ್ನೇ ಅರ್ತ್ ಆಗಿ ಬಳಸುತ್ತಾರೆ. ಇದು ಹುಸಿ ಉಳಿತಾಯ. ಎಳೆಯುವ ಕೊಂಡಿಯ ಪಿನ್, ಟಿಪ್ಪಿಂಗ್ ಟ್ರೇಲರಿನ ಕೀಲು ಇವುಗಳಲ್ಲಿ ಗ್ರೀಸು, ತುಕ್ಕು, ಬಣ್ಣ ಸೇರಿ ಸಂಪರ್ಕ ಕೆಡುತ್ತದೆ. 3ನೆಯ ಪಿನ್ನಿನಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರ್ ಎಳೆಯುವುದೇ ಶಾಶ್ವತ ಪರಿಹಾರ.

ವೈರಿನ ದಪ್ಪವೂ ಮುಖ್ಯ. 21 ವ್ಯಾಟಿನ ಎರಡು ಬ್ರೇಕ್ ಬಲ್ಬುಗಳು 3.5 ಆಂಪಿಯರ್ ಸೆಳೆಯುತ್ತವೆ. ಹತ್ತು ಮೀಟರ್ ಉದ್ದದ 0.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಆಗ ಸುಮಾರು ಒಂದೂಕಾಲು ವೋಲ್ಟ್ ನಷ್ಟವಾಗುತ್ತದೆ, 1.5 ಚದರ ಮಿ.ಮೀ. ವೈರಿನಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ. ವೋಲ್ಟೇಜ್ ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಜೋಡಿ ಟ್ರೇಲರ್ ಎಳೆಯುವಲ್ಲಿ ಎರಡನೆಯದರ ದೀಪಗಳು ಮಂಕಾಗುವುದಕ್ಕೆ ಇದೂ ಒಂದು ಕಾರಣ. ಲಾರಿಯ 24 ವೋಲ್ಟಿನ ಬಲ್ಬನ್ನು ಹಾಕಿದ್ದರೂ ದೀಪ ಮಂಕಾಗಿಯೇ ಉರಿಯುತ್ತದೆ.

ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಪ್ಲಗ್ ಕಳಚಿ ಹೊಸ ಫ್ಯೂಸ್ ಹಾಕಿ ನೋಡಬೇಕು. ಅದು ಉಳಿದರೆ ಶಾರ್ಟ್ ಟ್ರೇಲರಿನಲ್ಲಿದೆ. ವೈರ್ ತಗಡಿನ ಅಂಚಿಗೆ, ಟೈರಿಗೆ, ಕೀಲಿಗೆ ಉಜ್ಜುವ ಜಾಗಗಳನ್ನು ಹುಡುಕಬೇಕು. ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕಿದರೆ ಫ್ಯೂಸಿಗೆ ಬದಲು ವೈರೇ ಸುಡುತ್ತದೆ. ಮೇಲೆ ಒಣ ರವದಿ ತುಂಬಿರುವಾಗ ಇದು ಬೆಂಕಿಗೆ ಆಹ್ವಾನ.

ವೈರಿಂಗ್ ಸರಿಯಿದ್ದರೂ ಹಿಂದಕ್ಕೆ ಚಾಚಿದ ಕಬ್ಬು ದೀಪಗಳನ್ನು ಮುಚ್ಚುವುದುಂಟು. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ವಿಧಿಸುವ ಹಿಂಬದಿಯ ಕೆಂಪು ಪ್ರತಿಫಲಕಗಳಿಗೂ ಇದೇ ಗತಿ. ತಯಾರಕರು ಇವೆರಡನ್ನೂ ಹೊರೆಯ ಅಂಚಿಗೆ ಸಿಗದಂತೆ, ಟೈರಿನ ಕೆಸರೂ ತಾಗದಂತೆ ಜೋಡಿಸಬೇಕಾಗುತ್ತದೆ.