ಡಂಗುರದಿಂದ ಗ್ರಾಮಸಭೆಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಊರಿನ ಸುದ್ದಿಯನ್ನು ಹಲಗೆಯ ದನಿಯು ಹೊತ್ತು ತರುತ್ತಿತ್ತು. ಹೊಲದಿಂದ ಜನರು ಮರಳಿ, ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ವಾಲೀಕಾರನು ಹಲಗೆ ಬಾರಿಸುತ್ತ ಓಣಿ ಓಣಿಗೆ ಬರುತ್ತಿದ್ದನು. “ಕೇಳ್ರಪ್ಪೋ ಕೇಳ್ರಿ! ನಾಳೆ ಮುಂಜಾನೆ ಎಲ್ಲಾರೂ ಚಾವಡಿಗೆ ಬರಬೇಕ್ರಪ್ಪೋ!” ಎಂದು ಅವನು ಕೂಗಿದೊಡನೆ ಹೆಂಗಸರು ಬಾಗಿಲಿಗೆ ಬರುತ್ತಿದ್ದರು, ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಕಂದಾಯದ ಗಡುವು, ಜಾತ್ರೆಯ ದಿನ, ದನಗಳಿಗೆ ತಗುಲಿದ ಬೇನೆ, ಹೊಳೆಗೆ ಬಂದ ನೀರು, ಇವೆಲ್ಲವೂ ಈ ಡಂಗುರದ ಮೂಲಕವೇ ಜನರಿಗೆ ತಿಳಿಯುತ್ತಿದ್ದವು.

ಡಂಗುರದಲ್ಲಿ ಒಳ್ಳೆಯ ಗುಣಗಳಿದ್ದವು. ಅದು ಜನರು ಮನೆಯಲ್ಲಿರುವ ಹೊತ್ತನ್ನು ಅರಿತು ಬರುತ್ತಿತ್ತು. ಓದು ಬಾರದವರಿಗೂ ತಿಳಿಯುವ ಆಡುಮಾತಿನಲ್ಲಿ ಸುದ್ದಿಯನ್ನು ಹೇಳುತ್ತಿತ್ತು. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಡಂಗುರವು ಹೇಳುತ್ತಿತ್ತು, ಕೇಳುತ್ತಿರಲಿಲ್ಲ. ಅಪ್ಪಣೆಯು ಚಾವಡಿಯಿಂದ ಓಣಿಗೆ ಇಳಿಯುತ್ತಿತ್ತೇ ಹೊರತು ಓಣಿಯ ಅಹವಾಲು ಚಾವಡಿಗೆ ಏರುವುದು ಸುಲಭವಾಗಿರಲಿಲ್ಲ. ಎಷ್ಟೋ ಊರುಗಳಲ್ಲಿ ಡಂಗುರ ಸಾರುವವನ ಮನೆಯೇ ಊರ ಹೊರಗಿತ್ತು. ಇಡೀ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದ ಅವನಿಗೆ, ಆ ಸುದ್ದಿಯನ್ನು ನಿರ್ಣಯಿಸುವ ಸಭೆಯಲ್ಲಿ ಸ್ಥಾನವಿರಲಿಲ್ಲ. ಡಂಗುರದ ಕಾಲದಿಂದ ಇಂದಿನವರೆಗೆ ನಮ್ಮ ಊರುಗಳು ಎಷ್ಟು ದೂರ ನಡೆದು ಬಂದಿವೆ ಎಂಬುದನ್ನು ಅಳೆಯಬೇಕಾದರೆ ಈ ಕೊರತೆಯು ಎಷ್ಟರಮಟ್ಟಿಗೆ ನೀಗಿದೆ ಎಂಬುದನ್ನು ನೋಡಬೇಕು.

ಊರಿನ ಆಡಳಿತದ ಕಟ್ಟುಪಾಡುಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ ಎಂಬ ಹೆಸರಿತ್ತು. ಅಲ್ಲಿ ದೊರೆತ 8ನೆಯ ಶತಮಾನದ ಶಾಸನವೊಂದರಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಆ ಊರಿನ ಮಹಾಜನರಿಗೆ, ವರ್ತಕರಿಗೆ ಮತ್ತು ಉಳಿದ ಪ್ರಜೆಗಳಿಗೆ ಹಾಕಿಕೊಟ್ಟ ಆಚಾರವ್ಯವಸ್ಥೆಯಿದೆ. ರಾಜನ ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕು, ಒಕ್ಕಲುಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಎಷ್ಟು ತೆರಿಗೆ ಕೊಡಬೇಕು ಎಂಬುದನ್ನು ಅದರಲ್ಲಿ ಹೇಳಲಾಗಿದೆ. ಪ್ರಜೆಗಳ ಕರ್ತವ್ಯವನ್ನಷ್ಟೇ ಅಲ್ಲದೆ ಆಳುವವರ ಕರ್ತವ್ಯವನ್ನೂ ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ್ದು ಇದರ ಹಿರಿಮೆ. ಬರೆದು ನಿಲ್ಲಿಸಿದ ಮಾತನ್ನು ಯಾರೂ ಸುಲಭವಾಗಿ ಅಲ್ಲಗಳೆಯಲಾರರು.

ಇಂದು ನಾವು ಕಾಣುವ ಪೌರಸಂಸ್ಥೆಗಳು ಬ್ರಿಟಿಷರ ಕಾಲದಲ್ಲಿ ಮೊಳೆತವು. 1850ರ ಕಾಯಿದೆಯೊಂದು ಪಟ್ಟಣಗಳಲ್ಲಿ ಪುರಸಭೆಗಳನ್ನು ಏರ್ಪಡಿಸಲು ಅವಕಾಶ ಮಾಡಿಕೊಟ್ಟಿತು. 1882ರಲ್ಲಿ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯವು ಸ್ಥಳೀಯ ಸ್ವಯಮಾಡಳಿತಕ್ಕೆ ಬುನಾದಿ ಹಾಕಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಕನ್ನಡ ನಾಡು ಒಂದಾದ ಬಳಿಕ, 1964ರ ಪುರಸಭೆಗಳ ಕಾಯಿದೆಯು ರಾಜ್ಯದ ಪಟ್ಟಣಗಳಿಗೆಲ್ಲ ಒಂದೇ ಕಟ್ಟಳೆಯನ್ನು ತಂದಿತು. ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದು, ಹಳ್ಳಿಯ ಪಂಚಾಯತಿಗೂ ಪಟ್ಟಣದ ಪೌರಸಂಸ್ಥೆಗೂ ಸಂವಿಧಾನದ ಬಲವನ್ನು ನೀಡಿದವು.

ಊರಿನ ಗಾತ್ರಕ್ಕೆ ತಕ್ಕಂತೆ ಈ ಸಂಸ್ಥೆಗಳ ಹೆಸರು ಬದಲಾಗುತ್ತದೆ. ತುಕ್ಕಾನಟ್ಟಿಯು ಮೊದಲು ಗೋಕಾಕ ತಾಲೂಕಿನಲ್ಲಿದ್ದು, ಈಗ ಮೂಡಲಗಿ ತಾಲೂಕಿಗೆ ಸೇರಿದ ಹಳ್ಳಿ. ಅಲ್ಲಿರುವುದು ಗ್ರಾಮ ಪಂಚಾಯತಿ. ಮೂಡಲಗಿ, ಹುಕ್ಕೇರಿಗಳಲ್ಲಿರುವುದು ಪುರಸಭೆ, ಗೋಕಾಕದಲ್ಲಿರುವುದು ನಗರಸಭೆ. ಕಾಯಿದೆಯ ಪ್ರಕಾರ ಸುಮಾರು 20 ಸಾವಿರದಿಂದ 50 ಸಾವಿರದವರೆಗಿನ ಜನವಸತಿಗೆ ಪುರಸಭೆಯೂ, 50 ಸಾವಿರದಿಂದ ಮೂರು ಲಕ್ಷದವರೆಗೆ ನಗರಸಭೆಯೂ, ಅದಕ್ಕೂ ಮೇಲ್ಪಟ್ಟರೆ ಮಹಾನಗರಪಾಲಿಕೆಯೂ ಇರುತ್ತವೆ. ಹೆಸರು ಬೇರೆಯಾದರೂ ಕೆಲಸದ ತಿರುಳು ಒಂದೇ: ಒಬ್ಬೊಬ್ಬರೇ ಮಾಡಿಕೊಳ್ಳಲಾಗದುದನ್ನು ಎಲ್ಲರ ಪರವಾಗಿ ಮಾಡುವುದು.

ನಳದಲ್ಲಿ ಬರುವ ಒಂದು ಕೊಡ ನೀರನ್ನೇ ತೆಗೆದುಕೊಳ್ಳೋಣ. ಹೊಳೆಯ ನೀರನ್ನು ಮೊದಲು ಯಂತ್ರದಿಂದ ಮೇಲಕ್ಕೆತ್ತಬೇಕು. ಮಳೆಗಾಲದಲ್ಲಿ ಅದು ಕೆಂಪಗೆ ಕದಡಿರುತ್ತದೆ. ಅದಕ್ಕೆ ಪಟಿಕವನ್ನು ಬೆರೆಸಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ತಿಳಿಯಾದ ನೀರು ಮರಳಿನ ಪದರಗಳ ಮೂಲಕ ಸೋಸಿ ಬರುತ್ತದೆ. ಕಣ್ಣಿಗೆ ಕಾಣದ ರೋಗಾಣುಗಳನ್ನು ಕೊಲ್ಲಲು ಅದಕ್ಕೆ ಕ್ಲೋರಿನ್ನನ್ನು ಸೇರಿಸುತ್ತಾರೆ. ಆಮೇಲೆ ನೀರು ಎತ್ತರದ ತೊಟ್ಟಿಗೆ ಏರಿ, ಅಲ್ಲಿಂದ ತನ್ನ ಭಾರದಿಂದಲೇ ಕೊಳವೆಗಳಲ್ಲಿ ಹರಿಯುತ್ತದೆ. ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ತಿಳಿದ ನೌಕರನು ನಸುಕಿನಲ್ಲೆದ್ದು ಕೀಲಿಯನ್ನು ತಿರುಗಿಸುತ್ತಾನೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕೊಡ ಬರಿದಾಗುತ್ತದೆ. ಇಲ್ಲವೆ ಕೊಡದೊಡನೆ ರೋಗವು ಮನೆಗೆ ಬರುತ್ತದೆ.

ಬೀದಿದೀಪ, ಚರಂಡಿ, ರಸ್ತೆ, ಸಂತೆಯ ಕಟ್ಟೆ, ಸ್ಮಶಾನ ಇವುಗಳ ಹಿಂದೆಯೂ ಇಂಥದೇ ದುಡಿಮೆಯಿದೆ. ಊರು ಏಳುವ ಮೊದಲೇ ಬೀದಿಗಿಳಿದು ಕಸ ಗುಡಿಸುವ ಪೌರಕಾರ್ಮಿಕರು ಒಂದು ವಾರ ಬಾರದಿದ್ದರೆ ಯಾವ ಪಟ್ಟಣವೂ ವಾಸಕ್ಕೆ ಯೋಗ್ಯವಾಗಿ ಉಳಿಯದು. ಈ ಎಲ್ಲ ಸೇವೆಗಳಿಗೆ ಸರಕಾರದ ಅನುದಾನದೊಡನೆ ಜನರು ಕೊಡುವ ಮನೆಪಟ್ಟಿ, ನೀರಪಟ್ಟಿಗಳೂ ಬೇಕು. ತೆರಿಗೆಯನ್ನು ಉಳಿಸಿಕೊಂಡವನು ತನ್ನ ನೆರೆಯವನ ನಳದ ನೀರನ್ನೇ ತಡೆದಂತಾಗುತ್ತದೆ.

ಸೇವೆಯನ್ನು ಜನರೇ ಕೂಡಿ ನಡೆಸಿಕೊಂಡ ನಿದರ್ಶನವೂ ಈ ಭಾಗದಲ್ಲಿಯೇ ಇದೆ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ತನ್ನು ಕೊಂಡು ಸುತ್ತಲಿನ ಹಳ್ಳಿಗಳಿಗೆ ಹಂಚುತ್ತ ಬಂದಿದೆ. ಕರ್ನಾಟಕದಲ್ಲಿ ಈ ಬಗೆಯ ಸಂಘ ಇದೊಂದೇ. ಇಲ್ಲಿ ದೀಪ ಉರಿಸುವವರೇ ಸಂಘದ ಸದಸ್ಯರು. ಅವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ.

ಸೇವೆಯನ್ನು ಏರ್ಪಡಿಸಿದ ಮಾತ್ರಕ್ಕೆ ಅದು ಜನರನ್ನು ಮುಟ್ಟಿತೆಂದು ತಿಳಿಯುವಂತಿಲ್ಲ. ಅದರ ಸುದ್ದಿಯೂ ಮುಟ್ಟಬೇಕು. ಮಗು ಹುಟ್ಟಿದ 21 ದಿನಗಳೊಳಗೆ ಆ ಸಂಗತಿಯನ್ನು ನೋಂದಣಿಗೆ ತಿಳಿಸಬೇಕೆಂದು 1969ರ ಜನನ ಮರಣ ನೋಂದಣಿ ಕಾಯಿದೆಯು ಹೇಳುತ್ತದೆ. ಅಷ್ಟರೊಳಗೆ ತಿಳಿಸಿದರೆ ಶುಲ್ಕವಿಲ್ಲ. ತಡವಾದರೆ ದಂಡ, ವರ್ಷ ದಾಟಿದರೆ ಮೇಲಧಿಕಾರಿಯ ಆದೇಶವೇ ಬೇಕು. 2023ರ ತಿದ್ದುಪಡಿಯಾದ ಬಳಿಕ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದು ಮೊದಲಾದ ಹಲವು ಕಾರ್ಯಗಳಿಗೆ ಜನನ ಪತ್ರವೇ ಮುಖ್ಯ ಆಧಾರವಾಗಿದೆ. ಕಬ್ಬು ಕಡಿಯಲು ಊರೂರು ಅಲೆಯುವ ಕುಟುಂಬದ ತಾಯಿಯೊಬ್ಬಳಿಗೆ ಈ ಒಂದು ಸುದ್ದಿ ತಿಳಿಯದೆ ಹೋದರೆ, ಅದರ ಕಷ್ಟವನ್ನು ಆರು ವರ್ಷಗಳ ಬಳಿಕ ಅವಳ ಮಗು ಅನುಭವಿಸುತ್ತದೆ. ಲಸಿಕೆಯ ದಿನ, ವೃದ್ಧಾಪ್ಯ ವೇತನದ ಅರ್ಜಿ, ಮನೆ ಕಟ್ಟಲು ದೊರೆಯುವ ನೆರವು ಇವುಗಳ ಮಾತೂ ಹೀಗೆಯೇ. ಉಳ್ಳವರು ಹೇಗಾದರೂ ಸುದ್ದಿಯನ್ನು ತಿಳಿದುಕೊಳ್ಳುತ್ತಾರೆ. ಸುದ್ದಿ ತಪ್ಪಿದಾಗ ನಷ್ಟವಾಗುವುದು ಬಡವರಿಗೆ.

ಕೆಲವೊಮ್ಮೆ ಸುದ್ದಿಯ ಮೇಲೆ ಪ್ರಾಣವೇ ನಿಂತಿರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಸಹ್ಯಾದ್ರಿಯಲ್ಲಿ ಸುರಿದ ಅತಿವೃಷ್ಟಿಯಿಂದ ಘಟಪ್ರಭೆಯು ಉಕ್ಕಿ ಹರಿಯಿತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಈ ನದಿಗೆ ರಾಜಾ ಲಖಮಗೌಡ ಜಲಾಶಯವಿದೆ. ಜಲಾಶಯವು ತುಂಬಿದಾಗ ನೀರನ್ನು ಹೊರಬಿಡದೆ ಗತಿಯಿಲ್ಲ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ತುಂಬಿ ಬಂದು ಘಟಪ್ರಭೆಯನ್ನು ಕೂಡಿದವು. ಗೋಕಾಕದ ಬಳಿ 170 ಅಡಿ ಎತ್ತರದಿಂದ ಧುಮುಕುವ, ಪ್ರವಾಸಿಗರ ಕಣ್ಣಿಗೆ ಹಬ್ಬವಾದ ಅದೇ ನೀರು ನಗರದ ತಗ್ಗಿನ ಓಣಿಗಳಿಗೆ ನುಗ್ಗಿತು. ಲೋಳಸೂರಿನ ಸೇತುವೆ ಮುಳುಗಿತು. ಅನೇಕ ಕುಟುಂಬಗಳು ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು.

ಇಂಥ ಹೊತ್ತಿನಲ್ಲಿ ಸುದ್ದಿಯೂ ಹೊಳೆಯಂತೆಯೇ ಮೇಲಿನಿಂದ ಕೆಳಗೆ ಹರಿದು ಬರಬೇಕಾಗುತ್ತದೆ. ಆದರೆ ನೀರಿಗಿಂತ ಬೇಗನೆ ಬರಬೇಕು. ಎಷ್ಟು ನೀರು ಬಿಡಲಾಗುತ್ತಿದೆ ಎಂಬುದನ್ನು ಜಲಾಶಯದ ಅಧಿಕಾರಿಗಳು ಜಿಲ್ಲಾಡಳಿತಕ್ಕೆ ತಿಳಿಸುತ್ತಾರೆ. ಜಿಲ್ಲಾಡಳಿತವು ತಹಶೀಲ್ದಾರರಿಗೂ, ಅವರು ನಗರಸಭೆ ಮತ್ತು ಪಂಚಾಯತಿಗಳಿಗೂ ತಿಳಿಸುತ್ತಾರೆ. ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ಕಠಿಣವಾದದ್ದು. ಒಬ್ಬ ನೌಕರನೋ ಸದಸ್ಯನೋ ಓಣಿಗೆ ಬಂದು, ನಡೆಯಲಾರದ ಮುದುಕಿಯ ಬಾಗಿಲನ್ನು ತಟ್ಟಿ, ದನಗಳನ್ನು ಬಿಟ್ಟು ಬರಲೊಪ್ಪದ ರೈತನ ಮನವೊಲಿಸಬೇಕು. ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ ಎಂದರೆ ಸಾಮಾನ್ಯರಿಗೆ ಅರ್ಥವಾಗದು. “ಕತ್ತಲಾಗುವುದರೊಳಗೆ ನಿಮ್ಮ ಓಣಿಗೆ ನೀರು ಬರುತ್ತದೆ, ಶಾಲೆಗೆ ನಡೆಯಿರಿ” ಎಂದರೆ ಅರ್ಥವಾಗುತ್ತದೆ. ಹಳೆಯ ವಾಲೀಕಾರನು ಈ ಮರ್ಮವನ್ನು ಬಲ್ಲವನಾಗಿದ್ದನು.

ಪ್ರವಾಹದಲ್ಲಿ ಸುಳ್ಳು ಸುದ್ದಿಯು ನೀರಿನಷ್ಟೇ ಕೇಡನ್ನು ಮಾಡಬಲ್ಲದು. ಅಣೆಕಟ್ಟು ಒಡೆಯಿತೆಂಬ ಒಂದು ಗಾಳಿಮಾತು ಸಾವಿರಾರು ಜನರನ್ನು ದಿಕ್ಕುಗೆಡಿಸಬಲ್ಲದು. ಇಂದು ಮೊಬೈಲು ಎಲ್ಲರ ಕೈಯಲ್ಲಿದ್ದು, ಪ್ರತಿಯೊಬ್ಬರೂ ಡಂಗುರ ಸಾರುವವರೇ ಆಗಿದ್ದಾರೆ. ಹಿಂದೆ ಡಂಗುರಕ್ಕೆ ಚಾವಡಿಯ ಅಪ್ಪಣೆ ಬೇಕಿತ್ತು. ಈಗ ವಿವೇಕದ ಅಪ್ಪಣೆ ಬೇಕು. ಈ ಮಾತನ್ನು ಹೇಳಿದವರು ಯಾರು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂದು ಒಂದು ಕ್ಷಣ ಯೋಚಿಸಿ ಸುದ್ದಿಯನ್ನು ಮುಂದಕ್ಕೆ ಕಳುಹಿಸುವುದು ಇಂದಿನ ಪೌರಧರ್ಮ.

ಊರಿನ ಸುದ್ದಿಯನ್ನು ಸಾರಲು ಡಂಗುರದ ಬಳಿಕ ಅನೇಕ ಸಾಧನಗಳು ಬಂದವು. ಪತ್ರಿಕೆಗಳು ಜಿಲ್ಲೆಯ ಸುದ್ದಿಗೆ ಪುಟಗಳನ್ನು ಮೀಸಲಿಟ್ಟವು. 1950ರ ಜನವರಿ 8ರಂದು ಆರಂಭವಾದ ಧಾರವಾಡದ ಆಕಾಶವಾಣಿ ನಿಲಯವು ಈ ಸೀಮೆಯ ಮಾತಿನಲ್ಲಿಯೇ ರೈತರೊಡನೆ ಸಂಭಾಷಿಸಿತು. ತುಕ್ಕಾನಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವೊಂದಿದ್ದು, ಬೆಳೆ, ಬೀಜ, ಕೀಟಗಳ ವಿಷಯದಲ್ಲಿ ವಿಜ್ಞಾನವು ಕಂಡುಕೊಂಡದ್ದನ್ನು ರೈತರ ಹೊಲಕ್ಕೆ ಮುಟ್ಟಿಸುವ ಕೆಲಸ ಮಾಡುತ್ತಿದೆ. ಪಂಚಾಯತಿಯ ಸೂಚನಾ ಫಲಕ, ಧ್ವನಿವರ್ಧಕ ಕಟ್ಟಿದ ವಾಹನ, ಮೊಬೈಲಿಗೆ ಬರುವ ಸಂದೇಶ, ಇವೆಲ್ಲವೂ ಡಂಗುರದ ವಂಶಕ್ಕೆ ಸೇರಿದವೇ.

ಆದರೆ ಸಾಧನಗಳು ಹೆಚ್ಚಿದುದಕ್ಕಿಂತ ದೊಡ್ಡ ಬದಲಾವಣೆ ಬೇರೊಂದಿದೆ. ಈಗ ಜನರು ಸುದ್ದಿ ಕೇಳುವವರಾಗಿ ಮಾತ್ರ ಉಳಿದಿಲ್ಲ. ಪ್ರಶ್ನೆ ಕೇಳುವ ಅಧಿಕಾರವೂ ಅವರಿಗೆ ದೊರೆತಿದೆ. ಪ್ರತಿ ಪಂಚಾಯತಿಯೂ ವರ್ಷಕ್ಕೆ ಎರಡು ಬಾರಿಯಾದರೂ ಗ್ರಾಮಸಭೆಯನ್ನು ಸೇರಿಸಬೇಕು. ಮತದಾರರೆಲ್ಲರೂ ಅದರ ಸದಸ್ಯರು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪಂಚಾಯತಿಯ ಜಮಾಖರ್ಚನ್ನು ಜನರ ಮುಂದಿಡಬೇಕು. ಆದ ಕೆಲಸಗಳನ್ನು ತೋರಿಸಬೇಕು. ಲೆಕ್ಕದಲ್ಲಿರುವ ಚರಂಡಿಯು ಓಣಿಯಲ್ಲಿಯೂ ಇದೆಯೇ ಎಂದು ಯಾರು ಬೇಕಾದರೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿ ಕೊಟ್ಟವರಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. 2012ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ‘ಸಕಾಲ’ ಯೋಜನೆಯು ಯಾವ ಸೇವೆಯನ್ನು ಎಷ್ಟು ದಿನಗಳಲ್ಲಿ ಒದಗಿಸಬೇಕೆಂಬುದನ್ನು ಗೊತ್ತುಪಡಿಸಿದೆ. ಆಳುವವರ ಕರ್ತವ್ಯವನ್ನು ಪುಲಿಗೆರೆಯ ಶಾಸನವು ಕಲ್ಲಿನ ಮೇಲೆ ಬರೆಯಿತು. ಇಂದಿನ ಶಾಸನಗಳು ಅದನ್ನು ಕಾನೂನಿನಲ್ಲಿ ಬರೆದಿವೆ.

ಸಭೆಯ ಸ್ವರೂಪವೂ ಬದಲಾಗಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಪಂಚಾಯತಿಗಳಲ್ಲಿಯೂ ಪೌರಸಂಸ್ಥೆಗಳಲ್ಲಿಯೂ ಸ್ಥಾನಗಳು ಮೀಸಲಾಗಿವೆ. ಮಹಿಳೆಯರಿಗೆ ಸಂವಿಧಾನವು ಕನಿಷ್ಠ ಮೂರರಲ್ಲಿ ಒಂದು ಪಾಲನ್ನು ನೀಡಿದ್ದರೆ, ಕರ್ನಾಟಕವು ತನ್ನ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ನೀಡಿದೆ. ಡಂಗುರದ ದನಿಗೆ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದ ಹೆಣ್ಣುಮಗಳ ಮೊಮ್ಮಗಳು ಇಂದು ಸಭೆಯ ಅಧ್ಯಕ್ಷಸ್ಥಾನದಲ್ಲಿ ಕುಳಿತುಕೊಳ್ಳಬಲ್ಲಳು. ಊರ ಹೊರಗಿನಿಂದ ಬಂದು ಸುದ್ದಿ ಸಾರುತ್ತಿದ್ದವನ ಮೊಮ್ಮಗನು ಅದೇ ಸಭೆಯಲ್ಲಿ ಠರಾವು ಮಂಡಿಸಬಲ್ಲನು.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಬಳಸಬೇಕು. ಗ್ರಾಮಸಭೆಗೆ ಹತ್ತು ಜನರು ಬಂದರೆ ಹತ್ತು ಜನರ ಇಚ್ಛೆಯೇ ಊರಿನ ಇಚ್ಛೆಯಾಗುತ್ತದೆ. ಬಾರದೆ ಉಳಿದವರು ಆಮೇಲೆ ಕಟ್ಟೆಯ ಮೇಲೆ ಕುಳಿತು ದೂರಿದರೆ ಪ್ರಯೋಜನವಿಲ್ಲ. ವಿದ್ಯಾರ್ಥಿಗಳಿಗೂ ಇದರಲ್ಲಿ ಪಾತ್ರವುಂಟು. ಮತ ಹಾಕುವ ವಯಸ್ಸು ಬರದಿದ್ದರೂ ಅವರು ಓದಬಲ್ಲರು. ಪಂಚಾಯತಿಯ ಫಲಕದ ಮೇಲಿನ ಸೂಚನೆಯನ್ನು ಓದಿ ಮನೆಯಲ್ಲಿ ಹೇಳುವುದು, ಅಕ್ಷರ ಬಾರದ ನೆರೆಯವರಿಗೆ ಅರ್ಜಿಯನ್ನು ಬರೆದುಕೊಡುವುದು, ಒಡೆದ ಕೊಳವೆಯನ್ನು ಕಂಡರೆ ಕಚೇರಿಗೆ ತಿಳಿಸುವುದು, ಇವು ಸಣ್ಣ ಕೆಲಸಗಳಂತೆ ಕಂಡರೂ ಊರನ್ನು ಕಟ್ಟುವ ಕೆಲಸಗಳು. ಸುದ್ದಿಯು ಕೊನೆಯ ಮನೆಯನ್ನು ಮುಟ್ಟಿ, ಆ ಮನೆಯ ಮಾತು ಸಭೆಯನ್ನು ಮುಟ್ಟಿದಾಗಲೇ ಊರಿನ ಆಡಳಿತವು ನಿಜವಾಗಿ ಊರಿನದಾಗುತ್ತದೆ.