ಆಲ್ಪ್ಸ್ ಸೀಮೆಯ ಕೆಂಪು ದ್ರಾಕ್ಷಿ: ಗಾಮಾರೆ

ಕೊಳೆ ಬಿದ್ದ ವರ್ಷ ಅಡಿಕೆ ಬೆಳೆಗಾರನ ಗತಿ ಏನಾಗುತ್ತದೆಂಬುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ದ್ರಾಕ್ಷಿ ಬೆಳೆಗಾರರೂ ಇಂಥದೇ ಚಿಂತೆಯಲ್ಲಿ ದಿನ ಕಳೆಯುವವರು. ಈ ಚಿಂತೆಯಿಂದ ಪಾರಾಗಲು ಅವರು ಕಂಡುಕೊಂಡ ಒಂದು ತಳಿಯ ಕಥೆ ನಮಗೂ ತಿಳಿದಿರುವುದು ಒಳ್ಳೆಯದು.

ಆಲ್ಪ್ಸ್ ಸೀಮೆಯಲ್ಲಿ ಬೇಸಿಗೆಯ ಅವಧಿ ಕಡಿಮೆ. ಆದುದರಿಂದ ಜಿನೀವಾ ಸರೋವರದ ದಂಡೆಯ ಇಳಿಜಾರುಗಳಲ್ಲಿ ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ಬೆಳೆಸುತ್ತಾರೆ. ಹಗಲು ಕಾದ ಗೋಡೆ ರಾತ್ರಿ ಶಾಖ ಬಿಡುತ್ತದೆ. ಸರೋವರದ ನೀರು ಬಿಸಿಲನ್ನು ಪ್ರತಿಫಲಿಸುತ್ತದೆ. ಇಷ್ಟಾದರೂ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ, ಬಹುಕಾಲದಿಂದ ಅಲ್ಲಿರುವ ಗಾಮೆ ಎಂಬ ಕೆಂಪು ತಳಿಗೆ ಬೊಟ್ರೈಟಿಸ್ ಶಿಲೀಂಧ್ರ ತಗಲಿ ಬೂದುಬಣ್ಣದ ಕೊಳೆ ಬರುತ್ತದೆ. ಗಾಮೆಯ ಸಿಪ್ಪೆ ತೆಳು, ಗೊಂಚಲು ಒತ್ತು. ಒಂದು ಹಣ್ಣು ಒಡೆದರೆ ಪಕ್ಕದ್ದಕ್ಕೂ ಕೊಳೆ ಹರಡುತ್ತದೆ. ಕೊಳೆತ ಹಣ್ಣು ಬೆರೆತ ವೈನಿನ ಕೆಂಪು ಬಣ್ಣವೂ ಕೆಟ್ಟು ಕಂದಾಗುತ್ತದೆ.

ಇದಕ್ಕೆ ಪರಿಹಾರವಾಗಿ ಲೌಸಾನ್ ಪಕ್ಕದ ಪುಯಿ ಎಂಬ ಊರಿನಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರದವರು 1970ರಲ್ಲಿ ಗಾಮೆಯನ್ನು ರೈಕೆನ್‌ಸ್ಟೈನರ್ ಎಂಬ ಜರ್ಮನಿಯ ಬಿಳಿ ತಳಿಯೊಡನೆ ಸಂಕರಿಸಿದರು. ಆ ಸಂಕರದಿಂದ ಹುಟ್ಟಿದ್ದೇ ಗಾಮಾರೆ. ಇದು ಬೇಗ ಮಾಗುತ್ತದೆ, ಕೊಳೆಯನ್ನು ಚೆನ್ನಾಗಿ ತಡೆಯುತ್ತದೆ, ವೈನಿಗೆ ಗಾಢ ಬಣ್ಣ ಕೊಡುತ್ತದೆ. ಆದರೆ ಬೆಳೆಗಾರರ ಕೈಗೆ ಅದು ಬಂದದ್ದು 1990ರಲ್ಲಿ. ಅಂದರೆ ಇಪ್ಪತ್ತು ವರ್ಷಗಳ ಪರೀಕ್ಷೆಯ ನಂತರ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಗಾಮಾರೆ ತಡೆಯುವುದು ಬೂದುಬಣ್ಣದ ಕೊಳೆಯನ್ನು ಮಾತ್ರ. ಬೂದಿರೋಗ ಹಾಗೂ ಬೂಜು ತುಪ್ಪಟ ರೋಗ ಅದಕ್ಕೂ ತಗಲುತ್ತವೆ; ಸಿಂಪಡಣೆ ತಪ್ಪುವುದಿಲ್ಲ. ನಾವು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮೊದಲು ಬಳಕೆಗೆ ಬಂದದ್ದೇ ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, 1880ರ ದಶಕದಲ್ಲಿ, ದ್ರಾಕ್ಷಿಯ ಈ ಬೂಜು ತುಪ್ಪಟ ರೋಗಕ್ಕೆ. ಆ ರೋಗಾಣುವೂ ಅಡಿಕೆಯ ಕೊಳೆರೋಗದ ಫೈಟಾಫ್ತರಾವೂ ಒಂದೇ ಗುಂಪಿಗೆ ಸೇರಿದವು. ಹೆಸರಿನಲ್ಲಿ ಎರಡೂ 'ಕೊಳೆ' ಆದರೂ ಗಾಮಾರೆ ತಡೆಯುವ ಕೊಳೆಯೇ ಬೇರೆ, ನಮ್ಮ ತೋಟದ ಕೊಳೆಯೇ ಬೇರೆ.

ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಗಾಮಾರೆಯನ್ನು ಬ್ರೋನ್ನರ್ ಎಂಬ ರೋಗನಿರೋಧಕ ತಳಿಯೊಡನೆ ಸಂಕರಿಸಿ, 2013ರಲ್ಲಿ ದಿವಿಕೊ ಎಂಬ ಕೆಂಪು ತಳಿಯನ್ನು ಬಿಡುಗಡೆ ಮಾಡಿದರು. ಅದಕ್ಕೆ ಈ ಮೂರೂ ರೋಗಗಳನ್ನು ಎದುರಿಸುವ ಶಕ್ತಿಯಿದೆ. ಹಾಗಿದ್ದರೂ ಸಿಂಪಡಣೆ ಬಹಳ ಕಡಿಮೆಯಾಯಿತೇ ಹೊರತು ಪೂರ್ತಿ ನಿಂತಿಲ್ಲ. ಮೊದಲ ಸಂಕರದಿಂದ ಇಲ್ಲಿಗೆ ನಲವತ್ತಮೂರು ವರ್ಷ.

ದ್ರಾಕ್ಷಿಯಾಗಲಿ, ಕಾಫಿ, ಅಡಿಕೆಯಾಗಲಿ, ಒಮ್ಮೆ ನೆಟ್ಟರೆ ದಶಕಗಳ ಬೆಳೆ. "ರೋಗ ಬಾರದ ಹೊಸ ತಳಿ" ಎಂದು ಯಾರಾದರೂ ಸಸಿ ತಂದು ತೋರಿಸಿದಾಗ ಮೂರು ಪ್ರಶ್ನೆ ಕೇಳಬೇಕು: ಯಾವ ರೋಗ? ಎಷ್ಟು ವರ್ಷದ ಪರೀಕ್ಷೆ? ಯಾವ ಹವೆಯಲ್ಲಿ? ಉತ್ತರ ಸಿಕ್ಕ ಮೇಲೆ ಮೊದಲು ಒಂದು ಮೂಲೆಯಲ್ಲಿ ನಾಲ್ಕು ಗಿಡ ನೆಟ್ಟು ನೋಡಿ. ಹಳೆಯ ತೋಟ ಕಡಿಯುವ ಮಾತು ಅನಂತರದ್ದು.