ಚಾಲಕನ ನೆತ್ತಿಯ ಮೇಲಿನ ಗೂಡು

ಭದ್ರಾವತಿ ಬೈಪಾಸ್ ಕಡೆಯ ತಗಡಿನ ಶೆಡ್ಡೊಂದರಲ್ಲಿ ಮರದ ಅಳತೆಪಟ್ಟಿಯೊಂದನ್ನು ಮೊಳೆಗೆ ನೇತುಹಾಕಿದ್ದಾರೆ. ಅಂಗಡಿಯಲ್ಲಿ ಕೊಂಡ ಉಕ್ಕಿನ ಸ್ಕೇಲನ್ನು ಅದರ ಪಕ್ಕಕ್ಕಿಟ್ಟರೆ ಎರಡರ ಗೆರೆಗಳೂ ಕೂಡುವುದಿಲ್ಲ. ಪಟ್ಟಿಯ ಒಂದಡಿ ನಿಜವಾದ ಒಂದಡಿಗಿಂತ ಸುಮಾರು ಎಂಟನೇ ಒಂದು ಇಂಚು ಹೆಚ್ಚು. ಬೇಕೆಂದೇ ಹಾಗೆ ಗೆರೆ ಕೊರೆದದ್ದು. ಎರಕದ ಕೆಲಸದವರು ಇದನ್ನು ಕಾಂಟ್ರಾಕ್ಷನ್ ಸ್ಕೇಲ್ ಎನ್ನುತ್ತಾರೆ. ಕರಗಿದ ಬೀಡುಕಬ್ಬಿಣ ಅಚ್ಚಿನೊಳಗೆ ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ. ಹಾಗಾಗಿ ಅಚ್ಚಿಗಾಗಿ ಮೊದಲು ಮಾಡುವ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂರುವ ಬದಲು ಹಿಗ್ಗಿಸಿದ ಪಟ್ಟಿಯಿಂದಲೇ ಅಳೆದರೆ ಮಾದರಿ ತಾನಾಗಿ ಸರಿಯಾದ ಗಾತ್ರಕ್ಕೆ ಬರುತ್ತದೆ. ಉಕ್ಕಿನ ಎರಕ ಇದರ ಹೆಚ್ಚುಕಡಿಮೆ ಇಮ್ಮಡಿ ಕುಗ್ಗುವುದರಿಂದ ಅದಕ್ಕೆ ಬೇರೆಯದೇ ಪಟ್ಟಿ.

ಈಗ ಆ ಪಟ್ಟಿ ಇರುವುದು ಲಾರಿ ಕ್ಯಾಬಿನ್ನಿನ ಬಡಗಿಯೊಬ್ಬರ ಬಳಿ. ತಂದೆ ಕಬ್ಬಿಣದ ಕಾರ್ಖಾನೆಗೆ ಮಾದರಿ ಕೆತ್ತುತ್ತಿದ್ದವರು. ಮಗ ಹಳೆಯ ಲಾರಿಗಳಿಗೆ ಹೊಸ ಟಾಪ್ ಬಾಕ್ಸ್ ಕೂರಿಸುತ್ತಾರೆ. ಕಂಪನಿಯವರು ಓವರ್‌ಹೆಡ್ ಕನ್ಸೋಲ್ ಎಂದು ಕರೆಯುವ ಪೆಟ್ಟಿಗೆ ಇದು. ಮುಂಗಾಜಿನ ಮೇಲುಗಡೆ, ಚಾಲಕ ಮತ್ತು ಕ್ಲೀನರ್ ಇಬ್ಬರ ತಲೆಯ ಮುಂದೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಚಾಚಿಕೊಂಡಿರುತ್ತದೆ. ಕಾಗದಪತ್ರ, ಟೇಪ್, ದೀಪ, ಸಣ್ಣ ಫ್ಯಾನು, ದೇವರ ಪಟ, ಮಡಿಸಿದ ಟವೆಲು, ಬಿ.ಪಿ. ಮಾತ್ರೆ ಎಲ್ಲಕ್ಕೂ ಅದೇ ಜಾಗ. ಹೆಸರು ಹಾಕುವುದು ಬೇಡ ಎಂದು ಅವರು ಕೇಳಿಕೊಂಡಿದ್ದಾರೆ. ಇಲ್ಲಿ ಅವರು ಬರೀ ಮೇಸ್ತ್ರಿ.

ಈ ಪೆಟ್ಟಿಗೆಯನ್ನು ಲಾರಿ ಸಿಂಗಾರದ ಲೆಕ್ಕಕ್ಕೆ ಸೇರಿಸುವವರೇ ಹೆಚ್ಚು. ಆದರೆ ಶಿವಮೊಗ್ಗದಲ್ಲಿ ಅಡಿಕೆ ಮೂಟೆ ಹೇರಿಕೊಂಡು ನಾಗಪುರ, ಕಾನ್ಪುರ, ದೆಹಲಿಯ ದಾರಿ ಹಿಡಿದವನಿಗೆ ಮನೆ, ಕಚೇರಿ, ಅಡುಗೆಕೋಣೆ ಎಲ್ಲವೂ ಆ ಕ್ಯಾಬಿನ್ನೇ. ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಹೊಗೆ ತಪಾಸಣೆಯ ಚೀಟಿ, ಸಾಲದೆಂಬಂತೆ 2018ರಿಂದ ಇ-ವೇ ಬಿಲ್. ಎಲ್ಲವೂ ಮೊಬೈಲಿನಲ್ಲಿದ್ದರೂ ಕಾಗದ ಕೈಯಲ್ಲಿದ್ದರೇ ಅವನಿಗೆ ಧೈರ್ಯ. ಅದನ್ನು ಸೀಟಿನ ಕೆಳಗೆ ತಡಕಾಡುವಾಗ ಕಣ್ಣು ರಸ್ತೆಯಿಂದ ಕದಲುತ್ತದೆ. ಕೈ ಎತ್ತಿದರೆ ಸಿಗುವಂತಿದ್ದರೆ ಕದಲುವುದಿಲ್ಲ.

ಕಸುಬಿನ ಚರಿತ್ರೆಯನ್ನು ಮೇಸ್ತ್ರಿ ಬೇಗ ಹೇಳಿ ಮುಗಿಸುತ್ತಾರೆ. ಹಿಂದೆ ಬೆಂಕಿಪುರವಾಗಿದ್ದ ಈ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು, 1923ರಲ್ಲಿ ಕಬ್ಬಿಣ ಹರಿಯಿತು. 1936ರಲ್ಲಿ ಕಾಗದದ ಕಾರ್ಖಾನೆ. ಅದಿರು, ಇದ್ದಿಲು, ಬಿದಿರು, ಕಬ್ಬು, ಕಾಗದದ ಉರುಳೆ, ಒಂದಲ್ಲ ಒಂದು ಹೊರೆ ಈ ಊರಿಗೆ ಬರುತ್ತಲೋ ಊರಿನಿಂದ ಹೋಗುತ್ತಲೋ ಇತ್ತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಜತೆಗೂಡಿ ಲಾರಿ ಕಟ್ಟತೊಡಗಿದರು, ಮರುವರ್ಷ ಅಶೋಕ್ ಲೇಲ್ಯಾಂಡ್ ಹೆಸರು ಬಂತು. ಆಗ ಕಂಪನಿ ಕೊಡುತ್ತಿದ್ದದ್ದು ಹೆಚ್ಚಾಗಿ ಎಂಜಿನ್, ಚಕ್ರ, ಮುಂದಿನ ಮೂತಿ ಇಷ್ಟನ್ನೇ. ಚಾಲಕ ಕೂರುವ ಗೂಡನ್ನು ಕಟ್ಟುತ್ತಿದ್ದವರು ಊರ ಬಡಗಿಗಳು. ಮಲೆನಾಡಿನಲ್ಲಿ ಸಾಗುವಾನಿ, ಹೊನ್ನೆ, ಮತ್ತಿಗೆ ಬರವಿರಲಿಲ್ಲ. ಮುಂದೆ ದೊಡ್ಡ ಆರ್ಡರುಗಳೆಲ್ಲ ತಮಿಳುನಾಡಿನ ನಾಮಕ್ಕಲ್ ಕಡೆಗೆ ಹರಿದವು, ಕ್ಯಾಬಿನ್ ಕಾರ್ಖಾನೆಯಲ್ಲೇ ಉಕ್ಕಿನಲ್ಲಿ ಅಚ್ಚಾಗಿ ಬರತೊಡಗಿತು. ಇಲ್ಲಿಯವರಿಗೆ ಉಳಿದದ್ದು ದುರಸ್ತಿ ಮತ್ತು ಒಳಗೆಲಸ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದರೆ ಟಿಂಕರಿಂಗು, ಪೇಂಟು, ವೈರಿಂಗು, ಸೀಟು ಹೊಲಿಗೆ ಎಲ್ಲ ಅಕ್ಕಪಕ್ಕದಲ್ಲೇ ಸಿಗುತ್ತದೆ. ಟಾಪ್ ಬಾಕ್ಸ್ ಕೂರಿಸುವವರೂ ಇದ್ದಾರೆ. ಆದರೂ ಇಪ್ಪತ್ತು ಕಿಲೋಮೀಟರ್ ದಾಟಿ ಭದ್ರಾವತಿಯ ಈ ಶೆಡ್ಡಿಗೆ ಲಾರಿ ತರುವವರಿದ್ದಾರೆ. ಅದಕ್ಕೆ ಕಾರಣ ತಂದೆಯಿಂದ ಬಂದ ಕೈ.

ಟಾಪ್ ಬಾಕ್ಸಿಗೆ ಬೇಡಿಕೆ ಹುಟ್ಟಿದ್ದು ಹೊಸ ಲಾರಿಗಳಿಂದಲೇ. 2012ರಲ್ಲಿ ಭಾರತ್‌ಬೆಂಝ್ ಬಂದ ಮೇಲೆ, ಟಾಟಾ, ಲೇಲ್ಯಾಂಡ್‌ಗಳೂ ಹೊಸ ಕ್ಯಾಬಿನ್ ತಂದ ಮೇಲೆ, ಢಾಬಾದಲ್ಲಿ ಪಕ್ಕಕ್ಕೆ ನಿಂತ ಲಾರಿಯೊಳಗೆ ಇಣುಕಿದ ಹಳೆಯ ಲಾರಿಯ ಚಾಲಕ ತನ್ನ ಬೋಳು ಚಾವಣಿಯನ್ನು ನೋಡಿಕೊಂಡ. ಅಪಘಾತದಲ್ಲಿ ಜಖಂಗೊಂಡ ಹೊಸ ಕ್ಯಾಬಿನ್ನುಗಳ ಪ್ಲಾಸ್ಟಿಕ್ ಕನ್ಸೋಲು ಗುಜರಿಯಲ್ಲಿ ಸಿಗುತ್ತದೆ. ಅದನ್ನು ತಂದು ನೇರವಾಗಿ ತಿರುಪು ಹಾಕಿದರೆ ಆಯಿತಲ್ಲ ಎನ್ನಿಸಬಹುದು. ಅಗಲ ಹೊಂದದು, ಬಾಗು ಹೊಂದದು, ತಿರುಪು ಕಚ್ಚಬೇಕಾದ ಕಡೆ ಹಳೆಯ ಚಾವಣಿಯಲ್ಲಿ ಕಂಬಿಯೇ ಇರದು. ಮೇಸ್ತ್ರಿ ಅದರ ಮುಖ, ಮುಚ್ಚಳಗಳನ್ನಷ್ಟೇ ಉಳಿಸಿಕೊಂಡು ಹಿಂದಿನ ಒಡಲನ್ನು ನೀರು ತಡೆಯುವ ಪ್ಲೈವುಡ್ಡಿನಲ್ಲಿ ಹೊಸದಾಗಿ ಕಟ್ಟುತ್ತಾರೆ.

ಹಳೆಯ ಲಾರಿಯ ಚಾವಣಿ ಎಲ್ಲೂ ಸಪಾಟಾಗಿರುವುದಿಲ್ಲ. ಹಿಂದೆಮುಂದೆ ಒಂದು ಬಾಗು, ಎಡಬಲ ಇನ್ನೊಂದು ಬಾಗು. ಎಂದೋ ಮರಕ್ಕೆ ಗುದ್ದಿ ಟಿಂಕರಿಂಗ್ ಮಾಡಿಸಿದ್ದರೆ ಎಡಮೂಲೆಯ ಹಾಗೆ ಬಲಮೂಲೆ ಇರದು. ಟೇಪು ಹಿಡಿದು ಅಳೆದು ಇಂಥದ್ದನ್ನು ಹೊಂದಿಸಲಾಗದು. ಮೇಸ್ತ್ರಿ ರಟ್ಟಿನ ಹಾಳೆಯನ್ನು ಚಾವಣಿಗೆ ಒತ್ತಿ ನಿಲ್ಲಿಸಿ, ಕೈವಾರದ ಒಂದು ಕಾಲನ್ನು ಚಾವಣಿಯ ಮೇಲೆಯೇ ಸರಿಸುತ್ತ ಇನ್ನೊಂದು ಕಾಲಿನ ಪೆನ್ಸಿಲಿನಿಂದ ರಟ್ಟಿನ ಮೇಲೆ ಗೆರೆ ಎಳೆಯುತ್ತಾರೆ. ಚಾವಣಿಯ ಪ್ರತಿ ಉಬ್ಬುತಗ್ಗೂ ಗೆರೆಗೆ ಇಳಿಯುತ್ತದೆ. ಗೆರೆಗುಂಟ ಕತ್ತರಿಸಿ ಮತ್ತೆ ಹಿಡಿದು ನೋಡುತ್ತಾರೆ, ಬೆಳಕು ತೂರುವಲ್ಲಿ ಇನ್ನಷ್ಟು ಕೆರೆಯುತ್ತಾರೆ. ಪ್ಲೈವುಡ್ಡಿಗೆ ಗರಗಸ ಹಾಕುವುದು ಅದೆಲ್ಲ ಮುಗಿದ ಮೇಲೆ.

ಪೆಟ್ಟಿಗೆಯ ಎರಡು ಬದಿಗಳನ್ನು ಅವರು ನೆಟ್ಟಗೆ ನಿಲ್ಲಿಸುವುದಿಲ್ಲ, ತುಸು ಓರೆ ಕೊಡುತ್ತಾರೆ. ಎರಕದ ಮಾದರಿಗೂ ಹೀಗೆಯೇ ಓರೆ ಇರಬೇಕು. ಇಲ್ಲದಿದ್ದರೆ ಮರಳಿನಿಂದ ಅದನ್ನು ಎತ್ತುವಾಗ ಅಚ್ಚಿನ ಅಂಚು ಕುಸಿಯುತ್ತದೆ. ಡ್ರಾಫ್ಟ್ ಎಂದು ಅದಕ್ಕೆ ಹೆಸರು. ಲಾರಿಯಲ್ಲಿ ಈ ಓರೆಯಿಂದಾಗಿ ಪೆಟ್ಟಿಗೆ ಎಲ್ಲೂ ತರಚದೆ ಜಾಗಕ್ಕೆ ಏರುತ್ತದೆ, ದುರಸ್ತಿಗೆ ಬಂದಾಗ ಒಡೆಯದೆ ಇಳಿಯುತ್ತದೆ. ಮಾದರಿಯ ಒಳಮೂಲೆಗಳನ್ನು ದುಂಡಗೆ ಮಾಡುವುದು ಎರಕ ಅಲ್ಲಿ ಬಿರುಕು ಬಿಡದಿರಲೆಂದು. ಇವರು ಪೆಟ್ಟಿಗೆಯ ಕೆಳಅಂಚನ್ನು ದುಂಡಗೆ ಮಾಡುವುದು ಹಳ್ಳ ಹಾರಿದಾಗ ಚಾಲಕನ ಹಣೆ ಒಡೆಯದಿರಲೆಂದು. ತಂದೆಯ ಪಟ್ಟಿಯನ್ನು ಮಾತ್ರ ಈ ಕೆಲಸಕ್ಕೆ ಮುಟ್ಟುವುದಿಲ್ಲ. ಅದರಲ್ಲಿ ಅಳೆದರೆ ಆರಡಿಯ ಪೆಟ್ಟಿಗೆ ಮುಕ್ಕಾಲು ಇಂಚು ಹೆಚ್ಚಾಗಿ ಬಾಗಿಲ ಕಂಬಕ್ಕೆ ತಾಗುತ್ತದೆ.

ಫೋಮು, ರೆಕ್ಸಿನ್, ಬೀಡಿಂಗ್ ಎಲ್ಲ ಒಂದು ಮಧ್ಯಾಹ್ನದ ಕೆಲಸ. ವೈರಿಂಗಿನ ವಿಷಯ ಹಾಗಲ್ಲ. ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕಾರಿನ ಟೇಪಿಗೆ ಬೇಕಾದದ್ದು 12. ಅವಸರದವರು ಒಂದೇ ಬ್ಯಾಟರಿಯಿಂದ ವೈರು ಎಳೆದು ಕೈತೊಳೆದುಕೊಳ್ಳುತ್ತಾರೆ. ಹಾಡೇನೋ ಕೇಳುತ್ತದೆ, ಆದರೆ ಆ ಬ್ಯಾಟರಿ ದಿನೇದಿನೇ ಬರಿದಾಗುತ್ತ, ಜತೆಯದು ಮಿತಿಮೀರಿ ಚಾರ್ಜ್ ಆಗುತ್ತ ಎರಡೂ ಬೇಗ ಸಾಯುತ್ತವೆ. ಎರಡರಿಂದಲೂ ಸಮನಾಗಿ ಕರೆಂಟು ಪಡೆದು ಇಳಿಸುವ ಕನ್ವರ್ಟರ್ ಹಾಕದೆ ಮೇಸ್ತ್ರಿ ಟೇಪಿಗೆ ಜಾಗವನ್ನೇ ಕೊರೆಯುವುದಿಲ್ಲ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು. ಮೇಲೆ, ಪೆಟ್ಟಿಗೆಯೊಳಗೆ ಇಟ್ಟರೆ ನಡುವೆ ಎಲ್ಲೋ ವೈರು ಉಜ್ಜಿ ಬೆಂಕಿ ಹತ್ತಿದಾಗ ಅದು ಕಾಯುವುದಿಲ್ಲ. ಎಂಜಿನ್ ಕೆಲಸಕ್ಕೆ ಕ್ಯಾಬಿನ್ನನ್ನೇ ಮುಂದಕ್ಕೆ ಬಾಗಿಸುವ ಲಾರಿಯಾದರೆ ಕೀಲಿನ ಬಳಿ ವೈರನ್ನು ಸಡಿಲವಾಗಿ ಸುತ್ತಿ ಬಿಡಬೇಕು. ಮುಚ್ಚಳಕ್ಕೂ ಅಯಸ್ಕಾಂತದ ಚಿಲಕ ಸಾಲದು. ಕ್ಯಾಬಿನ್ ಬಾಗಿಸಿದಾಗ ಒಳಗಿದ್ದದ್ದೆಲ್ಲ ಗಾಜಿನ ಮೇಲೆ ಸುರಿಯುತ್ತದೆ, ಹುಲಿಕಲ್ ಘಾಟಿಯ ತಿರುವುಗಳಲ್ಲಿ ಚಾಲಕನ ಮಡಿಲಿಗೇ ಬೀಳುತ್ತದೆ. ಪೆಟ್ಟಿಗೆಯ ಮೂತಿ ಮುಂಗಾಜಿಗೆ ತಾಗುವಂತೆಯೂ ಇಲ್ಲ. 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿ ಅಂಟಿರುವುದು ಅಲ್ಲೇ. ಅದರ ಹಿಂದೆ ಲೋಹದ ಪಟ್ಟಿ ಬಂದರೆ ಟೋಲಿನ ಯಂತ್ರ ಓದಲು ತಡವರಿಸುತ್ತದೆ.

ಚಾವಣಿಗೆ ಹೊರಗಿನಿಂದ ತೂತು ಕೊರೆಯುವುದಿಲ್ಲ ಎಂಬುದು ಮೇಸ್ತ್ರಿಯ ಇನ್ನೊಂದು ಹಟ. ಮಲೆನಾಡಿನ ಮಳೆಗೆ ಸೂಜಿಯಷ್ಟು ಜಾಗ ಸಾಕು, ಒಂದೇ ಮುಂಗಾರಿಗೆ ಪ್ಲೈವುಡ್ ಉಬ್ಬುತ್ತದೆ. ಕಾನೂನಿನ ಎಚ್ಚರವೂ ಅದರಲ್ಲಿ ಸೇರಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಕಂಬ, ಚಾವಣಿಗಳಿಗೆ ಕತ್ತರಿ ಹಾಕುವ, ಬೆಸುಗೆ ಹಾಕುವ ಕೆಲಸ ಬಂದರೆ ವಾಪಸು ಕಳಿಸುತ್ತಾರೆ. ಈ ಪೆಟ್ಟಿಗೆ ತಿರುಪು ಬಿಚ್ಚಿದರೆ ಹಾಗೇ ಹೊರಗೆ ಬರುವಂಥದ್ದು.

ಚಾಲಕರ ಸುಖವನ್ನು ಸರ್ಕಾರ ಮರೆತಿದೆ ಎನ್ನಲಾಗದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿರುವುದು ದೊಡ್ಡ ಹೆಜ್ಜೆ. ಆದರೆ ಅದು ಆ ಮೇಲೆ ಹುಟ್ಟುವ ಲಾರಿಗಳ ಮಾತು. ಎಂಟು ವರ್ಷ ದಾಟಿ, ವರ್ಷವರ್ಷವೂ ಎಫ್‌ಸಿಗೆ ನಿಲ್ಲುತ್ತ, ಇನ್ನೂ ಸಾಲ ತೀರಿಸುತ್ತಿರುವ ಲಾರಿಯಲ್ಲಿ ಕೂತವನೂ ಅದೇ ಬಿಸಿಲಿನಲ್ಲಿ ಅದೇ ದೂರ ಓಡಿಸುತ್ತಾನೆ. ಅವನ ಪಾಲಿಗೆ ಸುಧಾರಣೆ ಬರುವುದು ಇಂಥ ಶೆಡ್ಡುಗಳಿಂದ ಮಾತ್ರ. ಆ ಶೆಡ್ಡುಗಳಿಗೆ ತರಬೇತಿಯ ಆಸರೆಯಿಲ್ಲ, ಮಾಡಿದ್ದು ಸರಿಯಿದೆಯೋ ಇಲ್ಲವೋ ಎಂದು ನೋಡಿ ಹೇಳುವವರಿಲ್ಲ. ಐಟಿಐಯಲ್ಲಿ ವೈರಿಂಗ್, ಮರಗೆಲಸ, ಮೋಟಾರು ಕೆಲಸ ಬೇರೆಬೇರೆ ಕೋಣೆಗಳಲ್ಲಿವೆ. ಮೂರನ್ನೂ ಕೂಡಿಸಿ ಕ್ಯಾಬಿನ್ನಿನ ಒಳಗೆಲಸವೆಂದು ಆರು ತಿಂಗಳು ಕಲಿಸಿದರೆ ಎಷ್ಟೋ ಬ್ಯಾಟರಿ ಉಳಿದಾವು, ಬೆಂಕಿ ತಪ್ಪೀತು.

ಊರಿನ ಸ್ಥಿತಿಯೂ ಕಸುಬಿಗೆ ಒದಗಿ ಬಂದಿಲ್ಲ. ಕಾಗದದ ಕಾರ್ಖಾನೆ 2015ರ ಹೊತ್ತಿಗೆ ಯಂತ್ರ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದು ಹೋರಾಡಿದ ಮೇಲೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿದರೂ ಹಿಂದಿನ ಗದ್ದಲ ಬರಲಿಲ್ಲ. ಲೋಡು ಕಡಿಮೆಯಾದಂತೆ ಲಾರಿಯೂ ಕಡಿಮೆ. ಈಚೆಗೆ ಅಚ್ಚಿನಲ್ಲೇ ತೆಗೆದ ಫೈಬರ್ ಪೆಟ್ಟಿಗೆಗಳೂ ಬಂದಿವೆ, ಅಗ್ಗ. ಇಂಥದೇ ಚಾವಣಿಗೆಂದು ಮಾಡಿದವಲ್ಲ, ಉಳಿದ ಸಂದಿಗೆ ಸಿಲಿಕಾನ್ ತುಂಬುತ್ತಾರೆ.

ಮೇಸ್ತ್ರಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದಾನೆ. ಕುಗ್ಗುವ ಲೆಕ್ಕವನ್ನು ಈಗ ತಂತ್ರಾಂಶವೇ ಹಾಕುತ್ತದಂತೆ. ಶೆಡ್ಡಿನಲ್ಲಿ ಕೈಜೋಡಿಸಲು ಒಬ್ಬ ಹುಡುಗನಿದ್ದಾನೆ. ಕೈವಾರ ಹಿಡಿಯುವುದನ್ನು ಕಲಿತಿದ್ದಾನೆ, ಆದರೆ ಮನಸ್ಸೆಲ್ಲ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ತಿಂಗಳ ಸಂಬಳದ ಕೆಲಸದ ಮೇಲೆ. ಅವನನ್ನು ತಡೆಯಲು ಮೇಸ್ತ್ರಿಗೆ ಇಷ್ಟವಿಲ್ಲ. ಮಾಡಿದ ಪ್ರತಿ ಮಾಡೆಲ್ಲಿನ ರಟ್ಟಿನ ಮಾದರಿಯನ್ನೂ ಸೀಮೆಸುಣ್ಣದಲ್ಲಿ ನಂಬರು ಬರೆದು ಅಟ್ಟದ ಮೇಲೆ ಜೋಡಿಸಿಟ್ಟಿದ್ದಾರೆ. ಆ ಲಾರಿಗಳಲ್ಲಿ ಹಲವು ಗುಜರಿ ಸೇರಿವೆ. ಯಾವುದಾದರೂ ಐಟಿಐಯವರು ಬಂದು ಕೇಳಿದರೆ ಅಷ್ಟನ್ನೂ ಕೊಡಲು ಅವರು ಸಿದ್ಧ. ಇದುವರೆಗೆ ಯಾರೂ ಕೇಳಿಲ್ಲ.